ಬಿಸ್ಕತ್ತಿನ ಡಬ್ಬಿಯ ಕ್ಯಾಸೆಟ್

ಮೂಸಾನ ಮನೆಯಲ್ಲಿ ಕಾಗದ ಬರೆಯುವ ರೂಢಿಯೇ ಇರಲಿಲ್ಲ. ಬರೆದರೂ ಓದುವವರು ಯಾರು? ಅವನ ಉಮ್ಮ ಖದೀಜಮ್ಮನಿಗೆ ಅಕ್ಷರ ಬಾರದು, ಬಾಯಿ ಮಾತ್ರ ಧಾರಾಳ. ದುಬೈಯಲ್ಲಿದ್ದ ದೊಡ್ಡ ಮಗ ಅಲಿಯಬ್ಬ ಹೇಳುವುದನ್ನೆಲ್ಲ ಕ್ಯಾಸೆಟ್ಟಿನಲ್ಲಿ ಹೇಳಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಉಮ್ಮ ಅದನ್ನು ಕೇಳಿ, ಅತ್ತು, ನಕ್ಕು, ಅದೇ ಕ್ಯಾಸೆಟ್ಟಿನ ಮೇಲೆ ತನ್ನ ಮಾತು ತುಂಬಿಸಿ ಹಿಂದಕ್ಕೆ ಕಳಿಸುತ್ತಿದ್ದಳು. ರೆಕಾರ್ಡ್ ಮಾಡಲು ಒತ್ತಬೇಕಾದ ಎರಡು ಗುಂಡಿಗಳಿಗೆ ಅಲಿಯಬ್ಬನೇ ಕೆಂಪು ಬಣ್ಣ ಬಳಿದುಕೊಟ್ಟಿದ್ದ. ಕಡಲಂಚಿನ ಕಾಪುವಿನ ಉಪ್ಪುಗಾಳಿ ಮುಟ್ಟದ, ಇರುವೆ ನುಗ್ಗದ ಜಾಗ ಆ ಮನೆಯಲ್ಲಿ ಒಂದೇ ಇತ್ತು, ಗಲ್ಫಿನ ಬಿಸ್ಕತ್ತಿನ ಡಬ್ಬಿ. ಅಲಿಯಬ್ಬನಿಂದ ಬಂದ ಕ್ಯಾಸೆಟ್ ಉತ್ತರಕ್ಕೆ ಕಾಯುತ್ತ ಇರುತ್ತಿದ್ದದ್ದು ಅದರೊಳಗೆ.

ಮೂಸಾನಿಗೆ ಉಡುಪಿ ಬಸ್ ಸ್ಟ್ಯಾಂಡಿನ ಪಕ್ಕದ ಶೇಖರನ ಕ್ಯಾಸೆಟ್ ಅಂಗಡಿಯಲ್ಲಿ ಕೆಲಸ. ಹಗಲೆಲ್ಲ ಊರವರ ಹಾಡು ಕಾಪಿ ಮಾಡುವುದು, ಸಂಜೆ ಮದುವೆಮನೆಯಲ್ಲಿ ತನ್ನ ಹಾಡು ಹಾಡುವುದು. ಪದ ಅವನದೇ, ರಾಗವೂ ಅವನದೇ. ಮದುಮಗಳ ಹೆಸರು ಕೇಳಿದರೆ ಸಾಕು, ಚಪ್ಪರದ ಕಂಬಕ್ಕೆ ಒರಗಿ ನಿಂತಲ್ಲೇ ಆ ಹೆಸರಿಗೆ ಹಾಡು ಕಟ್ಟುತ್ತಿದ್ದ. ಕಾರ್ಕಳದ ಒಂದು ಮದುವೆಯಲ್ಲಿ ಮಂಗಳೂರಿನ ಕ್ಯಾಸೆಟ್ ಕಂಪನಿಯವರೊಬ್ಬರು ಕೇಳಿ ಮರುಳಾಗಿಬಿಟ್ಟರು. "ಐದು ಹಾಡು ಟೇಪ್ ಮಾಡಿಡು ಮಾರಾಯ. ಬರುವ ತಿಂಗಳು ಬಂದು ಕೇಳುತ್ತೇನೆ. ಚಂದ ಉಂಟಾದರೆ ನಿನ್ನ ಹೆಸರಿನಲ್ಲೇ ಕ್ಯಾಸೆಟ್ ತೆಗೆಯುವ," ಎಂದರು.

ಅದೇ ಹೊತ್ತಿಗೆ ಹಾಳಾದ್ದು ಗಂಟಲು ಕೈಕೊಟ್ಟಿತು. ಮಣಿಪಾಲದಲ್ಲಿ ತೋರಿಸಿದರೆ, ಒಳಗೆ ಗಡ್ಡೆ ಉಂಟು, ತೆಗೆಯದಿದ್ದರೆ ಜೀವಕ್ಕೇ ಕುತ್ತು ಎಂದರು. ತೆಗೆದರೆ ಮಾತಿಗೆ ತಕ್ಕಷ್ಟು ದನಿ ಉಳಿಯಬಹುದು, ಹಾಡು ಮಾತ್ರ ಉಳಿಯುವುದಿಲ್ಲ. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಜೊತೆಗೆ ಹೋಗಿದ್ದ ಶೇಖರನ ಕಣ್ಣು ತುಂಬಿತು. ಉಮ್ಮನಿಗೆ ಇಬ್ಬರೂ ಆಪರೇಷನ್ನಿನ ವಿಷಯವನ್ನಷ್ಟೇ ಹೇಳಿದರು, ಹಾಡಿನದ್ದನ್ನು ಹೇಳಲಿಲ್ಲ.

ಆಸ್ಪತ್ರೆ ಸೇರುವ ಮುಂಚೆ ಮೂಸಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು, ಶಿರ್ವದ ಅಲೆಕ್ಸಾಂಡರನ ಗಿಟಾರಿನ ಜೊತೆ ಐದೂ ಹಾಡು ಹಾಡಿ ಮುಗಿಸಿದ. ನೋವಿಗೆ ನಡುನಡುವೆ ಬಿಸಿನೀರು ಕುಡಿಯುತ್ತ ಹಾಡಿದ. ಒಂದು ಕ್ಯಾಸೆಟ್ಟಿನ ಒಂದು ಬದಿ ತುಂಬಿತು. ಅವನ ದನಿ ಎಂಬುದು ಇನ್ನು ಈ ಲೋಕದಲ್ಲಿ ಇದ್ದರೆ ಅಷ್ಟೇ.

"ಒಂದು ಕಾಪಿ ಮಾಡಿಡುವ," ಎಂದ ಶೇಖರ.

"ಬೇಡ ಶೇಖರಣ್ಣ. ಒಂದು ಕಾಪಿ ಹೊರಗೆ ಬಿದ್ದರೆ ಸಂಜೆಯೊಳಗೆ ಅದು ನೂರಾಗುತ್ತದೆ. ಆ ಕೆಲಸ ಮಾಡುವವನು ನಾನೇ ಅಲ್ವಾ?"

ಬುದ್ಧಿವಂತ! ಕ್ಯಾಸೆಟ್ಟಿನ ಮೇಲಂಚಿನ ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿದುಬಿಟ್ಟರೆ ಅದರ ಮೇಲೆ ಇನ್ನೊಂದು ದನಿ ಕೂರುವುದಿಲ್ಲ. ಅಂಗಡಿಯಲ್ಲಿ ಎಷ್ಟೋ ಕ್ಯಾಸೆಟ್ಟುಗಳ ಹಲ್ಲು ಮುರಿದವನು ತನ್ನದನ್ನೇ ಮರೆತ. ಭದ್ರವಾಗಿರಲಿ ಎಂದು ಮನೆಗೆ ತಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟ.

ಕುತ್ತಿಗೆಗೆ ಬ್ಯಾಂಡೇಜು ಸುತ್ತಿಕೊಂಡು ಆಸ್ಪತ್ರೆಯಿಂದ ಬಂದವನು ಮೊದಲು ತೆರೆದದ್ದು ಆ ಡಬ್ಬಿಯನ್ನು. ಒಳಗೆ ಏನೂ ಇರಲಿಲ್ಲ.

"ಇದರಲ್ಲಿದ್ದ ಕ್ಯಾಸೆಟ್ ಎಲ್ಲಿ ಉಮ್ಮಾ?" ದನಿ ತರಗೆಲೆ ಎಳೆದ ಹಾಗೆ ಬಂತು.

"ಅದಾ? ದುಬೈಗೆ ಹೋಗುವ ನೆರೆಮನೆಯ ಬೂಬನ ಕೈಯಲ್ಲಿ ಕಳಿಸಿಯಾಯಿತಲ್ಲ ಮೋನೆ! ನಿನಗೆ ಆಪರೇಷನ್ ಆದದ್ದು ಅಣ್ಣನಿಗೆ ಗೊತ್ತಾಗುವುದು ಬೇಡವಾ? ಒಬ್ಬಳೇ ಕೂತು, ಕೆಂಪು ಗುಂಡಿ ಒತ್ತಿ, ಹೆಚ್ಚುಕಡಿಮೆ ಒಂದು ಬದಿ ಪೂರ್ತಿ ಮಾತಾಡಿದೆ," ಎಂದಳು ಉಮ್ಮ. ಅವಳ ಮುಖದಲ್ಲಿ ಎಂಥ ಹೆಮ್ಮೆ!

ಮೂಸಾನಿಗೆ ಎದೆ ಬಡಿದುಕೊಂಡು ಕೂಗಬೇಕೆನಿಸಿತು. ಕೂಗಲಿಕ್ಕಾದರೂ ದನಿ ಬೇಕಲ್ಲ. ಬಾವಿಕಟ್ಟೆಗೆ ಹೋಗಿ ಕುಳಿತು ಸದ್ದಿಲ್ಲದೆ ಅತ್ತ. ಗಾಯ ನೋಯುತ್ತಿರಬೇಕು ಎಂದುಕೊಂಡು ಉಮ್ಮ ಗಂಜಿ ಆರಿಸಿ ತಂದಳು. ಪಾಪದವಳು, ಅವಳಿಗೆ ಹೇಳಿ ಯಾರ ಹೊಟ್ಟೆ ತಣ್ಣಗಾಗಬೇಕು? ಅವನು ಗಂಜಿ ಕುಡಿದ. ಕಂಪನಿಯವರು ಬಂದಾಗ ಹುಡುಗನಿಗೆ ಹುಷಾರಿಲ್ಲ ಎಂದು ಶೇಖರ ಕಳಿಸಿಕೊಟ್ಟ. ಅವರು ಮತ್ತೆ ಬರಲಿಲ್ಲ.

ಮಳೆಗಾಲ ಮುಗಿಯುವಾಗ ಆ ಕ್ಯಾಸೆಟ್ ಅಲಿಯಬ್ಬನ ಉತ್ತರ ಹೊತ್ತು ತಿರುಗಿ ಬಂತು. ಉಮ್ಮ ಟೇಪ್ ರೆಕಾರ್ಡರಿನ ಮುಂದೆ ಚಾಪೆ ಹಾಕಿ ಕುಳಿತಳು. ಅಣ್ಣನ ದನಿ ಕ್ಷೇಮ ಕೇಳಿತು, ಸೆಖೆಯನ್ನು ಬೈಯಿತು, ಕೊನೆಗೆ ಹೇಳಿತು:

"ಉಮ್ಮಾ, ಹೋದ ಸಲ ನಿಮ್ಮ ಮಾತು ಮುಗಿದ ಮೇಲೆ ಟೇಪಿನ ತುದಿಯಲ್ಲಿ ನಮ್ಮ ಮೂಸಾನ ಹಾಡು ಸ್ವಲ್ಪ ಬಂತು. ರೂಮಿನವರೆಲ್ಲ ಊಟ ಬಿಟ್ಟು ಕೇಳಿದರು. ನಾನು ಅದನ್ನು ಅಳಿಸಲಿಲ್ಲ, ಹಾಗೆಯೇ ಇಟ್ಟಿದ್ದೇನೆ. ಮೂಸಾ, ಹಾಡಿನ ಮೊದಲರ್ಧ ಎಲ್ಲಿ ಮಾರಾಯ? ಪೂರ್ತಿ ಕಳಿಸು."

ಅಣ್ಣನ ಮಾತು ನಿಂತಿತು. ಆಮೇಲೆ ಮೂಸಾ ಹಾಡಿದ.

*ಆಚೆ ದಡದ ದೀಪವೇ, ನನ್ನವರ ಕಂಡೆಯಾ,*
*ಉಂಡರೋ ಮಲಗಿದರೋ, ಒಂದು ಮಾತು ಹೇಳೆಯಾ...*

ಟೇಪು ಮುಗಿದು ಗುಂಡಿ ಮೇಲೆ ಹಾರಿತು. ತುಂಬಿದ ದನಿ, ಒಂದು ಬಿರುಕೂ ಇಲ್ಲ. ಅದು ತನ್ನದೇ ಎಂದು ನಂಬಲು ಮೂಸಾನಿಗೇ ಕಷ್ಟವಾಯಿತು.

ಉಮ್ಮನ ಕೈ ಬಾಯಿಗೆ ಹೋಯಿತು. "ಮೋನೆ... ಇದರಲ್ಲಿ ನಿನ್ನ ಹಾಡಿತ್ತಾ? ನಾನು ಅಳಿಸಿದೆನಾ?"

"ಇಲ್ಲ ಉಮ್ಮಾ. ಅದು ಸುಮ್ಮನೆ ಹಾಡಿ ನೋಡಿದ್ದು. ಒಳ್ಳೆಯದು ಅಂಗಡಿಯಲ್ಲಿ ಉಂಟು," ಎಂದು ಪಿಸುಗುಟ್ಟಿದ. ಅವಳ ಜೀವ ನಿರಾಳವಾಯಿತು. ಅವನು ಒಳಗೆ ಹೋಗಿ, ಚೂರಿಯ ಮೊನೆಯಿಂದ ಆ ಕ್ಯಾಸೆಟ್ಟಿನ ಹಲ್ಲು ಮುರಿದ.

ಉತ್ತರ ಕಳಿಸಲು ಅಂಗಡಿಯಿಂದ ಹೊಸ ಕ್ಯಾಸೆಟ್ ತಂದುಕೊಟ್ಟ. ಉಮ್ಮ ಕೆಂಪು ಗುಂಡಿ ಒತ್ತಿ, ತಲೆಯ ಬಟ್ಟೆ ಸರಿಮಾಡಿಕೊಂಡು ಶುರುಮಾಡಿದಳು.

"ಅಲಿಯಬ್ಬಾ, ನೀನು ಕೇಳಿದ ಹಾಡು ಪೂರ್ತಿ ಬರುತ್ತದೆ. ತಮ್ಮನ ಗಂಟಲು ಸ್ವಲ್ಪ ಗುಣವಾಗಲಿ. ಮುಂದಿನ ಸಲ ಅವನೇ ಹಾಡಿ ಕಳಿಸುತ್ತಾನೆ." ಅವಳು ಮೂಸಾನ ಕಡೆ ತಿರುಗಿದಳು. "ಅಲ್ವಾ ಮೋನೆ?"

ಟೇಪು ತಿರುಗುತ್ತಿತ್ತು. ಈಗಿನ ದನಿ ಅದರಲ್ಲಿ ಬೀಳಬಾರದೆಂದು ಮೂಸಾ ತಲೆಯನ್ನಷ್ಟೇ ಆಡಿಸಿದ.