ಮಷಿನ್‌ಗೆ ಬಡಿದ ಗಾಳಿ

ಕೃಷ್ಣೆಯ ನಡುನೀರಿನಲ್ಲಿ ದೋಣಿಯ ಹಿಂಬದಿಗೆ ಕೂರಿಸಿದ್ದ ಮಷಿನ್ ಕಿರುಚತೊಡಗಿತು. ಸದ್ದೇನೋ ಕಿವಿ ಹರಿಯುವಷ್ಟು, ದೋಣಿ ಮಾತ್ರ ಮುಂದೆ ಹೋಗಲೊಲ್ಲದು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಸೆಳವು ದೋಣಿಯನ್ನು ಬಂಡೆಗಳ ಕಡೆ ಎಳೆಯುತ್ತಿತ್ತು. ಭತ್ತದ ನಾಟಿಗೆ ಹೊರಟಿದ್ದ ಎಂಟು ಹೆಣ್ಣುಮಕ್ಕಳು ದೋಣಿಯ ಅಂಚು ಬಿಗಿಹಿಡಿದು ಕೂತರು. ಭೀಮವ್ವ ಮಗಳು ಬಾಲಮ್ಮನ ರಟ್ಟೆ ಹಿಡಿದಳು. ಇಬ್ಬರಿಗೂ ಈಜು ಬಾರದು. ದೋಣಿ ನಡೆಸುವ ಭೀಮವ್ವನ ಗಂಡ ಸಂಗಣ್ಣ ಹುಟ್ಟು ಹಾಕಿ ಹಾಕಿ ಕೈಸೋತು, ಅಂತೂ ಇಂತೂ ಹೊರಟ ದಂಡೆಗೇ ವಾಪಸ್ ತಂದ.

ಇಳಿದ ಮೇಲೂ ಭೀಮವ್ವ ಮಗಳ ರಟ್ಟೆ ಬಿಡಲಿಲ್ಲ.

"ಮಷಿನ್‌ಗೆ ಗಾಳಿ ಬಡದದ," ಎಂದಳು ಜೊತೆಗಿದ್ದ ಮುದುಕಿ ತಿಮ್ಮವ್ವ. ಸಂಗಣ್ಣನಿಗೂ ಅದೇ ಸರಿ ಕಂಡಿತು. ಮಷಿನ್‌ಗೆ ನಿಂಬೆಹಣ್ಣು ಕಟ್ಟಿ, "ನಾಳೆ ಮುಂಜಾನಿ ಎಲ್ಲಾರೂ ಬರ್ರಿ, ಏನೂ ಆಗಂಗಿಲ್ಲ," ಎಂದ.

ನಾಳೆ ಮತ್ತೆ ಬಾಲಮ್ಮ ಅದೇ ದೋಣಿ ಹತ್ತಬೇಕು. ಭೀಮವ್ವ ಉಣ್ಣುವುದನ್ನು ಬಿಟ್ಟು ಎದ್ದಳು. ಗಂಡನಿಗೆ ಹೇಳದೆ ಹೋಗಿ, ಕಾಲುವೆ ಹತ್ತಿರ ಪಂಪ್ ರಿಪೇರಿ ಮಾಡುವ ವಹಾಬನನ್ನು ಕರೆತಂದಳು.

ವಹಾಬ ಟೇಪು ಹಿಡಿದು, ಸಂಗಣ್ಣನ ಎದುರಿಗೇ ದೋಣಿಯ ಹಿಂದೆ ಕುಕ್ಕರಗಾಲಲ್ಲಿ ಕೂತ. "ಸಂಗಣ್ಣ, ಮಷಿನ್ ಕೂಡೋ ಈ ಹಿಂದಿನ ಹಲಗಿ ಎತ್ತರ ಮಾಡಿಯೇನು?"

"ಹೋದ ವಾರ. ಹಿಂದಿಂದ ನೀರು ನುಗ್ತಿತ್ತು. ಐದಿಂಚಿನ ಪಟ್ಟಿ ಬಡದು, ಅದರ ಮ್ಯಾಲ ಮಷಿನ್ ಕೂಡ್ಸೀನಿ."

"ಹಂಗಾರ ಗಾಳಿ ಬಡದದ್ದು ಖರೇನ ಅದ. ಆದ್ರ ಈ ಗಾಳಿ ನಿಂಬಿಹಣ್ಣಿಗಿ ಹೋಗಂಗಿಲ್ಲ. ಪಂಪಿನ ಪೈಪಿನ ಬಾಯಿ ನೀರಿನಿಂದ ಮ್ಯಾಲ ಬಂದ್ರ ಏನಾಗ್ತದ?"

"ಗಾಳಿ ಹಿಡೀತದ. ಮೋಟಾರು ಬರೇ ಒದರ್ತದ."

"ಇಲ್ಲೂ ಅದೇ ಆಗ್ಯದ. ಹಲಗಿ ಮ್ಯಾಲಿಂದ ದೋಣಿ ತಳದ ತನಕ ಇಪ್ಪತ್ತಿಂಚು. ಮಷಿನ್ ಹಲಗಿ ಮ್ಯಾಲ ಕೂಡೋ ಜಾಗದಿಂದ, ನೀರಾಗ ತಿರುಗೋ ಫ್ಯಾನಿನ ಮ್ಯಾಲಿರೋ ಈ ಚಪ್ಪಟ ತಗಡಿನ ತನಕ ಹದಿನೈದು. ಈ ತಗಡು ದೋಣಿ ತಳಕ್ಕ ಸಮ ಇರಬೇಕು, ಇಲ್ಲಾ ಒಂದಿಂಚು ಕೆಳಗ. ನಿಂದು ಐದಿಂಚು ಮ್ಯಾಲ ಅದ. ಇಷ್ಟು ದಿನ ಶಾಂತ ನೀರಾಗ ಹ್ಯಾಂಗೋ ನಡದದ; ಇವತ್ತು ಸೆಳವಿನಾಗ ದೋಣಿ ಕುಣದು, ಫ್ಯಾನು ಗಾಳಿ ಎಳ್ಕೊಂಡದ."

"ಹಂಗಾರ ಎಲ್ಲಾಕಿಂತ ಉದ್ದನ ಮಷಿನ್ ತರ್ತೀನಿ ತಗೋ."

"ಹೆಚ್ಚು ಉದ್ದಾದ್ರ ಕಡಿಮಿ ನೀರಾಗ ಕಲ್ಲಿಗಿ ಬಡೀತದ. ಇಪ್ಪತ್ತಿನ ಹಲಗಿಗಿ ಇಪ್ಪತ್ತಿಂದೇ ಬೇಕು."

ಸಂಗಣ್ಣ ಪಟ್ಟಿಗೆ ಕೈ ಹಾಕಿದ. "ಇದನ್ನ ಕಿತ್ತು ನಾಳಿಗೆ ದೋಣಿ ಬಿಡ್ತೀನಿ."

"ಕಿತ್ರ ನೀರು ಒಳಗ ಬರ್ತದ," ಎಂದಳು ಭೀಮವ್ವ. "ತಕ್ಕ ಮಷಿನ್ ಬರೋ ತನಕ ದೋಣಿ ಇಳಸಬ್ಯಾಡ್ರಿ. ನನಗ ಅಂಜಿಕಿ ಆಗ್ಯದ. ಹೇಳಾಕ ನಾಚಿಕಿ ಏನಿಲ್ಲ."

ಸಂಗಣ್ಣ ಆಕೆಯ ಮುಖ ನೋಡಿದ. ಪಟ್ಟಿಯಿಂದ ಕೈ ತೆಗೆದ.

ಮುಂಜಾನೆ ಹೆಣ್ಣುಮಕ್ಕಳು ಬುತ್ತಿ ಹಿಡಿದು ಬಂದಾಗ ದೋಣಿ ದಂಡೆಯ ಮೇಲೆ ಬೋರಲಾಗಿತ್ತು. ಸಂಗಣ್ಣ ತಲೆ ತಗ್ಗಿಸಿ ಹೇಳಿದ: "ಇವತ್ತು ದೋಣಿ ಇಲ್ರಿ. ನಿನ್ನಿ ನಿಮ್ಮನ್ನ ಮುಳುಗಿಸ್ತಿದ್ದಾಂವ ನಾನು, ಗಾಳಿ ಅಲ್ಲ."

ದೋಣಿ ನಡೆಸುವ ಅಣ್ಣಂದಿರೇ, ಹಲಗೆ ಬದಲಿಸಿದರೂ ಮಷಿನ್ ಬದಲಿಸಿದರೂ ಎರಡನ್ನೂ ಟೇಪು ಹಿಡಿದು ಅಳೆಯಿರಿ. ದೋಣಿ ಹತ್ತುವ ಅಕ್ಕಂದಿರೇ, "ಹಲಗಿ, ಮಷಿನ್ ಅಳತಿ ಕೂಡ್ಯದೇನ್ರಿ?" ಎಂದು ಬಾಯಿಬಿಟ್ಟು ಕೇಳಿ. ಉತ್ತರ ಸಿಗದಿದ್ದರೆ ದಂಡೆಯ ಮೇಲೆಯೇ ನಿಲ್ಲಿ, ಒಂದು ದಿನದ ಕೂಲಿ ಹೋದರೆ ಹೋಗಲಿ.