ಹೊಸ ಒಲೆಗೆ ಹೆಚ್ಚು ಕಟ್ಟಿಗೆ

"ಒಲೆ ಮಾಡಿದ್ದು ನಾನು. ಹಳೇದಕ್ಕಿಂತ ಕಟ್ಟಿಗೆ ಕಡಿಮೆ ಸಾಕು ಅದಕ್ಕೆ. ನೀನು ನೋಡಿದ್ರೆ ಹೆಚ್ಚು ಬೇಕು ಅಂತ ಬರ್ಕೊಂಡು ಬಂದಿದ್ದೀಯ. ಒಂದೋ ನನ್ನ ತಲೆ ಕೆಟ್ಟಿರ್ಬೇಕು, ಇಲ್ಲಾ ನಿನ್ನ ತಕ್ಕಡಿ ಕೆಟ್ಟಿರ್ಬೇಕು. ಯಾವುದು, ಬೊಗಳು!"

ವೆನಿಂಗ್ ತಲೆ ತಗ್ಗಿಸಿಯೇ ಉತ್ತರ ಕೊಟ್ಟಳು. "ತಕ್ಕಡಿ ಸರಿ ಇದೆ, ಬೂ."

ಕಾಲೇಜಿನ ಇಂಧನ ವಿಭಾಗದಲ್ಲಿ, ಎಲ್ಲರೂ 'ಬೂ', ಅಂದರೆ ಅಮ್ಮ, ಎಂದೇ ಕರೆಯುವ ಪಲುಪಿ ಮೇಡಮ್ಮನ ಕೋಣೆಯಿಂದ ಕಣ್ಣೊರೆಸಿಕೊಳ್ಳದೆ ಹೊರಬಿದ್ದ ವಿದ್ಯಾರ್ಥಿಗಳು ಕಡಿಮೆ. ಈ ಹುಡುಗಿ ಮಾತ್ರ ಅಳುತ್ತಲೂ ಇರಲಿಲ್ಲ, ವಾದಿಸುತ್ತಲೂ ಇರಲಿಲ್ಲ. ಸೋಮವಾರದೊಳಗೆ ಪ್ರಬಂಧಕ್ಕೆ ಗೈಡಿನ ಸಹಿ ಬೀಳದಿದ್ದರೆ ಈ ಸಲದ ಪರೀಕ್ಷೆ ತಪ್ಪುತ್ತದೆ. ಪರೀಕ್ಷೆ ತಪ್ಪಿದರೆ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ಪಲುಪಿಗೆ ಸಿಟ್ಟು ಕುದಿಯುತ್ತಿತ್ತು. ಬೆಟ್ಟದ ಮೇಲಿನ ಹಳ್ಳಿಯೊಂದರ ಐದು ಮನೆಗಳಲ್ಲಿ ಮೊದಲು ಹಳೆಯ ಮಣ್ಣಿನ ಒಲೆ, ಆಮೇಲೆ ತನ್ನ ಒಲೆ. ಉರಿಸುವ ಮುಂಚೆ ಕಟ್ಟಿಗೆ ತೂಗಿ ಬರೆಯುವುದಷ್ಟೇ ಕೆಲಸ. ಇಷ್ಟು ಸುಲಭದ್ದನ್ನು ಹೇಗೆ ಹಾಳುಮಾಡಿದಳು? ಆದರೆ ಒಂದು ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಸುಳ್ಳು ಅಂಕಿ ಬರೆಯುವವಳಾಗಿದ್ದರೆ ಗೈಡಿಗೆ ಇಷ್ಟವಾಗುವ ಸುಳ್ಳನ್ನೇ ಬರೆಯುತ್ತಿದ್ದಳಲ್ಲ?

"ನಡಿ, ಬೈಕ್ ತೆಗಿ," ಎಂದಳು. "ನಾನೇ ಬಂದು ನೋಡ್ತೀನಿ."

ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಬೈಗುಳ ನಿಲ್ಲಲಿಲ್ಲ. ತಿರುವಿಗೊಮ್ಮೆ "ನಿಧಾನ, ನನ್ನ ಸಾಯಿಸಿದ್ರೆ ಸಹಿ ಯಾರು ಹಾಕ್ತಾರೆ?" ಎಂದು ಭುಜಕ್ಕೆ ಗುದ್ದು ಬೇರೆ. ಆಲೂಗಡ್ಡೆ ಹೊಲಗಳ ಮೇಲೆ ಮಂಜು ಇಳಿದಿತ್ತು. ಮೇಲೆ ಹೋದಂತೆಲ್ಲ ಚಳಿಗೆ ಬಾಯಿ ತಾನಾಗಿಯೇ ಮುಚ್ಚಿತು.

ಆ ಐದು ಮನೆಗಳಲ್ಲೊಂದಾದ ಜುಮಿರಾ ಅಜ್ಜಿಯ ಮನೆಯಲ್ಲಿ ಬಂದವರನ್ನು ನಡುಮನೆಯಲ್ಲಿ ಕೂರಿಸುವ ಪದ್ಧತಿಯಿಲ್ಲ. ಆ ಚಳಿಗೆ ಎಲ್ಲರೂ ನೇರ ಅಡುಗೆಮನೆಗೇ, ಒಲೆಯ ಮುಂದಿನ ಮಣೆಗೇ. ಗಂಡ, ಮಗ ಹೊಲಕ್ಕೆ ಹೋಗಿದ್ದರು, ಊಟದ ಹೊತ್ತಿಗೆ ಬರುವವರಿದ್ದರು. ಜುಮಿರಾ ಪಲುಪಿಯನ್ನು ಮೇಲಿಂದ ಕೆಳಗೆ ನೋಡಿ ಕೈಹಿಡಿದೆಳೆದು ಕೂರಿಸಿದಳು.

"ಅಂತೂ ಬಂದ್ರಲ್ಲವ್ವಾ! ಹಾಂಗ್‌ಕಾಂಗಿಂದ ಯಾವಾಗ ಇಳಿದ್ರಿ?"

"ಹಾಂಗ್‌ಕಾಂಗಾ?"

"ಈ ಕೂಸು ಎಲ್ಲಾ ಹೇಳೈತೆ. ಅವ್ವ ಅಲ್ಲಿ ಮನೆಗೆಲಸಕ್ಕೆ ಹೋಗಿ ವರ್ಷಗಳೇ ಆದ್ವು, ಫೋನಲ್ಲಿ ಮಾತ್ರ ನೋಡೋದು ಅಂತ. ಹಿಂಗಾ ಮಗಳನ್ನ ಬಿಟ್ಟೋಗೋದು? ಕಡ್ಡಿಯಂಗೆ ಬಂದಿತ್ತು ಇಲ್ಲಿಗೆ!"

ವೆನಿಂಗಳ ಮುಖ ಕೆಂಪಾಯಿತು. "ಅಯ್ಯೋ ಅಜ್ಜಿ, ಇವ್ರು ನಮ್ಮ..."

ಪಲುಪಿ ಅವಳ ಮೊಣಕೈ ಹಿಡಿದು ಅದುಮಿದಳು. ಒಂದು ವರ್ಷದಿಂದ ಈ ಹುಡುಗಿಗೆ ಗೈಡು. ತಾಯಿ ಎಲ್ಲಿದ್ದಾಳೆಂದು ಒಂದು ದಿನವೂ ಕೇಳಿರಲಿಲ್ಲ.

ಜುಮಿರಾಳ ಬಾಯಿಗೆ ಬಿಡುವಿರಲಿಲ್ಲ. "ಮೊದಮೊದಲು ಹೊಸ್ತಿಲ ಮೇಲೇ ಕೂರೋದು, ತಕ್ಕಡಿ ತಬ್ಕೊಂಡು. ಒಂದ್ ಲೋಟ ಚಾ ಕೊಟ್ರೆ ಬ್ಯಾಡ, ನೀರು ಕೊಟ್ರೂ ಬ್ಯಾಡ. ಕಾಲೇಜಿನಾಗೆ ಒಂದು ಹೆಣ್ಣುಹುಲಿ ಐತಂತೆ. ಅಳತೆ ಮಾಡೋ ಮನೇಲಿ ಬಾಯಿಗೆ ಏನೂ ಹಾಕ್ಬಾರ್ದು ಅಂತ ಹೇಳಿ ಕಳ್ಸೈತಂತೆ. ಅದರ ಬಾಯಿಗೆ ಮಣ್ಣು ಹಾಕ!"

"ಹಾಕ್ಬೇಕು," ಎಂದಳು ಪಲುಪಿ.

"ಆಮೇಲೆ ನಾನು ಬಿಡ್ಲಿಲ್ಲ. ಒಂದು ಆಲೂಗಡ್ಡೆ ಬೇಯಿಸಿ ಕೈಗಿಟ್ಟೆ. ಅರ್ಧ ತಿಂತು. ಮಾರನೇ ದಿನ ಎರಡು. ಹೊಸ ಒಲೆ ಬರೋ ಹೊತ್ತಿಗೆ ಮನೆ ಮಗಳೇ ಆಗ್ಬಿಟ್ಲು. ಸೋಯಾಕಾಳಿನ ತೆಂಪೆ ಕರಿದಿದ್ದು ಅಂದ್ರೆ ಪ್ರಾಣ ಅವಳಿಗೆ. ಅವಳಿಗಂತ ಬೇರೆ ಬಾಣಲೆನೇ ಇಡ್ತೀನಿ. ಸ್ನಾನಕ್ಕೂ ಬಿಸಿನೀರು ಕಾಯಿಸ್ಕೊಡ್ತೀನಿ. ಆಚೆಮನೆಯವ್ರಿಗೆ ಹೊಟ್ಟೆಕಿಚ್ಚು. ತಮ್ಮನೇಲಿ ತೂಗೋ ದಿನ ಜಿದ್ದಿಗೆ ಬಿದ್ದು ಬಡಿಸ್ತಾರೆ!"

ಪಲುಪಿ ಚೀಲಕ್ಕೆ ಕೈಹಾಕಿದಳು. ಪ್ರಬಂಧ ತೆರೆದು ಕೋಷ್ಟಕದ ಮೇಲೆ ಬೆರಳಿಟ್ಟಳು. "ಊಟ ಮಾಡಿದವರು ಮೂರು. ಎಲ್ಲಾ ದಿನಾನೂ ಮೂರೇ. ನೀನೆಲ್ಲಿ?"

"ನೀವು ತಿನ್ಬಾರ್ದು ಅಂದಿದ್ರಿ, ಬೂ." ಹುಡುಗಿ ಮತ್ತೆ ತಲೆ ತಗ್ಗಿಸಿದಳು. "ತಿಂದೆ. ಅಜ್ಜಿಗೆ ಬೇಡ ಅನ್ನೋಕಾಗ್ಲಿಲ್ಲ. ಹೇಳೋಕೆ ಭಯ ಆಯ್ತು. ಕಟ್ಟಿಗೆ ಮಾತ್ರ ಇದ್ದದ್ದು ಇದ್ದಹಾಗೇ ತೂಗಿದ್ದೀನಿ, ಆಣೆ."

ಎಲ್ಲವೂ ಕಣ್ಣಮುಂದೆ ಬಂತು. ಒಲೆ ಕೆಟ್ಟಿರಲಿಲ್ಲ, ತಕ್ಕಡಿ ಕೆಟ್ಟಿರಲಿಲ್ಲ. ಈ ಮನೆಗಳಿಗೆ ಹುಡುಗಿಯ ಮೇಲೆ ಪ್ರೀತಿ ಬೆಳೆದಂತೆಲ್ಲ ಕಟ್ಟಿಗೆಯೂ ಹೆಚ್ಚುತ್ತ ಹೋಗಿತ್ತು. ಅದನ್ನು ಮುಚ್ಚಿಡುವಂತೆ ಮಾಡಿದ್ದು ತನ್ನ ಬಾಯಿ.

"ನಾಲ್ಕು ಅಂತ ತಿದ್ಲಾ, ಬೂ?" ವೆನಿಂಗ್ ಪಿಸುಗುಟ್ಟಿದಳು.

"ತಿದ್ದಿದ್ರೆ ಕೈ ಮುರೀತೀನಿ. ಯಾವ ದಿನ ಎಷ್ಟು ತಿಂದೆ, ಯಾವ ದಿನ ಸ್ನಾನ ಮಾಡ್ದೆ ಅಂತ ಈಗ ಹುಟ್ಟಿಸಿ ಬರೀತೀಯಾ? ಅಂಕಿ ಹಂಗೇ ಇರ್ಲಿ. ಯಾಕೆ ಹೆಚ್ಚಾಯ್ತು ಅಂತ ಒಂದು ಅಧ್ಯಾಯ ಬರಿ. ಈಗ ಕೇಳಿದ್ದೆಲ್ಲಾ ಬರಿ. ಬಿಸಿನೀರನ್ನೂ ಬರಿ."

"ಪರೀಕ್ಷಕರು ನಿಮ್ಮ ಒಲೆನ ನೋಡಿ ನಗ್ತಾರೆ."

"ನಗ್ಲಿ. ಒಲೆಗೇನು ಮಾನ ಹೋಗುತ್ತಾ?" ಹಾಗೆಂದರೂ ಪಲುಪಿಯ ಕಣ್ಣು ಒಲೆಯ ಮೇಲೇ ಇತ್ತು. ಆ ಒಲೆಗೆ ಅವಳು ಸುರಿದ ವರ್ಷಗಳು ಕಡಿಮೆಯಲ್ಲ. "ನೀರೂ ಕುಡೀಬೇಡ ಅಂದದ್ದು ಗೈಡು, ಹಂಗಾಗಿ ಲೆಕ್ಕ ತಪ್ಪಿತು ಅಂತ ಸ್ಪಷ್ಟವಾಗಿ ಬರಿ. ಭಾನುವಾರ ನಮ್ಮನೆಗೆ ತಗೊಂಡು ಬಾ, ಓದ್ತೀನಿ. ಬರೋವಾಗ ಊಟ ಮಾಡ್ಕೊಂಡು ಬರ್ಬೇಡ."

ಪೆನ್ನು ತೆಗೆದು, ಮೊದಲ ಪುಟವನ್ನು ಮೊಣಕಾಲ ಮೇಲಿಟ್ಟುಕೊಂಡು, ಸಹಿ ಹಾಕಿದಳು. ವೆನಿಂಗ್ ಆ ಸಹಿಯನ್ನು ನೋಡುತ್ತ, ಕೋಣೆಯಲ್ಲಿ ಸುರಿಸದೆ ಉಳಿಸಿಕೊಂಡಿದ್ದ ಕಣ್ಣೀರನ್ನೆಲ್ಲ ಇಲ್ಲಿ ಸುರಿಸಿದಳು.

"ಅವ್ವ ಬಂದ ದಿನ ಅಳ್ತಾರೇನೇ?" ಜುಮಿರಾ ಗದರಿದಳು. "ಇರ್ರಿ, ತೆಂಪೆ ಕರೀತೀನಿ." ಬಾಣಲೆ ಇಟ್ಟು, ಮೂಲೆಯಿಂದ ದಪ್ಪನೆಯ ಕೊರಡೊಂದನ್ನು ಎಳೆದು ಒಲೆಯ ಬಾಯಿಗೆ ಹಿಡಿದಳು.

"ತಡೀರಿ ತಡೀರಿ!" ಪಲುಪಿ ಅದನ್ನು ಕಿತ್ತುಕೊಂಡು ತಕ್ಕಡಿಗೆ ಹಾಕಿದಳು. "ಬರ್ಕೋ. ಇವತ್ತು ಮೂರು ಜನ ಅಲ್ಲ, ಐದು."

ಜುಮಿರಾ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ನೋಡಪ್ಪಾ! ಮಗಳಿಗೆ ಈ ಹುಚ್ಚು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು."

ವೆನಿಂಗ್ ಅಜ್ಜಿಯನ್ನು ತಿದ್ದಲಿಲ್ಲ. ಪಲುಪಿಯೂ ತಿದ್ದಲಿಲ್ಲ.