ಬೈಂಡಿಂಗ್ ಅಕ್ಕನ ನಾರ್ಮಲ್ ಪುಸ್ತಕ

ಬೀದಿಯಲ್ಲಿ ಎಲ್ಲರೂ ಅವಳನ್ನು ಬೈಂಡಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಅಕ್ಕನಾದ ಮೇಲೆ ಅವಳ ಗಂಡ ತಾನಾಗಿಯೇ ಭಾವನಾದ. ಎಪ್ಪತ್ತು ದಾಟಿದ ಔಷಧಿ ಅಂಗಡಿಯ ಯಜಮಾನರೂ ಅವನನ್ನು ಭಾವ ಅನ್ನುತ್ತಿದ್ದರು. ಅದಕ್ಕೆ ಅವನು ಒಮ್ಮೆಯೂ ತಕರಾರು ತೆಗೆದವನಲ್ಲ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಚ್ಚಾಗಿ ಬಂದ ಹಾಳೆಗಳನ್ನು ಮಡಚಿ, ಕಂತೆ ಮಾಡಿ, ಸೂಜಿ ದಾರದಲ್ಲಿ ಹೊಲಿಯುವುದು ಅಕ್ಕನ ಕೆಲಸ. ಹೊಲಿದದ್ದಕ್ಕೆ ಅಂಟು ಬಳಿದು, ದೊಡ್ಡ ಮಷಿನ್ನಿನಲ್ಲಿ ಮೂರು ಬದಿ ಕತ್ತರಿಸಿ, ರಟ್ಟು ಹೊದಿಸುವುದು ಭಾವನ ಕೆಲಸ. ಇಪ್ಪತ್ತಾರು ವರ್ಷದಿಂದ ಹೀಗೇ. ಅವನು ಸೂಜಿ ಮುಟ್ಟುವುದಿಲ್ಲ, ಅವಳು ಮಷಿನ್ ಮುಟ್ಟುವುದಿಲ್ಲ. ಸಂಸಾರ ನೆಟ್ಟಗಿರುವುದಕ್ಕೆ ಇದೇ ಕಾರಣ ಎಂದು ಇಬ್ಬರೂ ಬೇರೆ ಬೇರೆಯಾಗಿ ಜನಕ್ಕೆ ಹೇಳುತ್ತಿದ್ದರು.

ಅಕ್ಕನಿಗೆ ಏಳು ವರ್ಷದಿಂದ ಮೈನೋವು. ಎಲ್ಲಿ ಎಂದು ಕೇಳಬೇಡಿ, ಕೇಳಿದವರೆಲ್ಲ ಸುಸ್ತಾಗಿದ್ದಾರೆ. ಒಮ್ಮೆ ಬಲಭುಜ, ಒಮ್ಮೆ ಸೊಂಟ, ಒಮ್ಮೆ ಎರಡೂ ಮೊಣಕಾಲು. ಬಾಡಿಗೆ ಸರಿಯಾಗಿ ಕೊಡದ ಮನುಷ್ಯನ ಹಾಗೆ ಅದು ಮನೆ ಬದಲಾಯಿಸುತ್ತಲೇ ಇತ್ತು, ಊರು ಮಾತ್ರ ಬಿಡಲಿಲ್ಲ. ಕೆಲವು ದಿನ ಸುಮ್ಮನಿರುತ್ತಿತ್ತು. ಕೆಲವು ದಿನ ಬೆಳಿಗ್ಗೆ ಕುಪ್ಪಸದ ತೋಳಿಗೆ ಕೈ ತೂರಿಸುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು.

ತೋರಿಸದ ಡಾಕ್ಟರಿಲ್ಲ. ಮೂಳೆಯವರು ಮೂಳೆ ಸರಿಯಿದೆ ಎಂದರು. ನರದವರು ನರ ಸರಿಯಿದೆ ಎಂದರು. ಒಬ್ಬ ಮಹಾನುಭಾವರು ಭುಜ ನೋವು ಎಂದು ಹೋದವಳ ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಟ್ಟೆಯೂ ಸರಿಯಿತ್ತು. ಇನ್ನೊಬ್ಬರು ಮೆಲ್ಲಗೆ ಮುಂದಕ್ಕೆ ಬಾಗಿ, "ಮನೇಲಿ ಗಂಡ ಹೆಂಡತಿ ಜಗಳ ಏನಾದ್ರೂ ಇದೆಯಾ?" ಎಂದು ಕೇಳಿದ್ದರು.

"ಇದೆ ಸಾರ್," ಎಂದಿದ್ದಳು ಅಕ್ಕ. "ಅಂಟು ತೆಳ್ಳಗೆ ಕಲಸ್ತಾರೆ. ಎಷ್ಟು ಹೇಳಿದ್ರೂ ಕೇಳಲ್ಲ."

ಪ್ರತಿ ಸಲವೂ ರಿಪೋರ್ಟು ಬರುವುದು, ಕೆಳಗೆ ನಾರ್ಮಲ್ ಎಂದು ಬರೆದಿರುವುದು. ಭಾವ ಅದನ್ನು ಬೆಳಕಿಗೆ ಹಿಡಿದು, ಮಗು ಪಾಸಾದಂತೆ "ನಾರ್ಮಲ್ ಕಣೇ!" ಎನ್ನುವನು. ಅಕ್ಕನಿಗೆ ಎದೆ ಕುಸಿಯುವುದು. ಕಾಯಿಲೆ ಇಲ್ಲ ಎಂದರೆ ಅಳು ಬರುವ ಹೆಂಗಸು ಈ ಭೂಮಿಯ ಮೇಲೆ ತಾನೊಬ್ಬಳೇ ಇರಬೇಕು ಎಂದು ಅವಳಿಗೆ ನಾಚಿಕೆಯೂ ಆಗುತ್ತಿತ್ತು. ನಾದಿನಿ ಅಂತೂ ತೀರ್ಪು ಕೊಟ್ಟಾಗಿತ್ತು. "ಅದು ಮನಸ್ಸಿಂದು ಅತ್ತಿಗೆ. ಮನಸ್ಸಿಗೆ ಹಚ್ಕೋಬೇಡಿ, ತಾನಾಗೇ ಹೋಗುತ್ತೆ."

ನಾದಿನಿ ಹೇಳಿದ್ದಕ್ಕೆ ಅಕ್ಕ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಅವಳಿಗೆ ಮುಳ್ಳಾಗಿ ಚುಚ್ಚುತ್ತಿದ್ದುದು ಗಂಡನ ಮೌನ. "ರೀ, ನೋಯ್ತಿದೆ" ಎಂದರೆ ಅವನು ಒಂದು ಗಳಿಗೆ ಅವಳ ಮುಖ ನೋಡಿ, ಎದ್ದು ಮಷಿನ್ನಿನ ಹತ್ತಿರ ಹೋಗಿಬಿಡುತ್ತಿದ್ದ. ಇವರೂ ತಂಗಿಯ ಹಾಗೇ ಅಂದುಕೊಂಡಿದ್ದಾರೆ, ಒಳ್ಳೆಯವರು ನೋಡಿ, ಬಾಯಿಬಿಟ್ಟು ಅನ್ನುವುದಿಲ್ಲ ಅಷ್ಟೇ, ಎಂದು ಅವಳು ತಿಳಿದಿದ್ದಳು.

ಅವಳಿಗಿದ್ದ ಒಂದೇ ಸಮಾಧಾನ ಅವಳ ಹೊಲಿಗೆ. "ನೋವು ಮೈಗೆ ಬಂದಿದೆ, ಕೈಗೆ ಬಂದಿಲ್ಲ" ಎಂದು ಗಿರಾಕಿಗಳಿಗೆ ಹೇಳಿಕೊಳ್ಳುವಳು. ಇದನ್ನೇ ಡಾಕ್ಟರುಗಳಿಗೂ ಹೇಳುವಳು. ಅವರು, "ಓ, ಕೆಲಸ ಮಾಡೋಕೆ ತೊಂದರೆ ಇಲ್ಲ ಅಂದ್ರೆ ದೊಡ್ಡದೇನೂ ಇಲ್ಲ ಬಿಡಿ" ಎಂದು ಪೆನ್ನಿನ ಮುಚ್ಚಳ ಹಾಕುವರು. ತನ್ನ ಹೆಮ್ಮೆಯೇ ತನಗೆ ಅಡ್ಡಗಾಲಾಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೇಳದೆ ಇರಲಾಗುತ್ತಿರಲಿಲ್ಲ.

ಊರಿನ ಆಚೆ ತುದಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ಯಾರಿಗೂ ಬಗೆಹರಿಯದ್ದನ್ನು ನೋಡುತ್ತಾರೆ ಎಂದು ಔಷಧಿ ಅಂಗಡಿಯವರು ಹೇಳಿದರು. ಮೂರು ತಿಂಗಳು ಕಾದ ಮೇಲೆ ಒಂದು ಬುಧವಾರ ಸಿಕ್ಕಿತು. ಅಕ್ಕ ಒಳಗೊಳಗೇ ಗಟ್ಟಿಮಾಡಿಕೊಂಡಳು. ಇದೇ ಕೊನೆ. ಇವರೂ ನಾರ್ಮಲ್ ಅಂದರೆ ಇನ್ನು ಸಾಯುವ ತನಕ ನೋವಿನ ಮಾತೆತ್ತುವುದಿಲ್ಲ. ಮನಸ್ಸಿನದೇ ಎಂದು ಒಪ್ಪಿಕೊಂಡುಬಿಡುತ್ತೇನೆ.

ಆ ಬುಧವಾರ ಬೆಳಿಗ್ಗೆ ಭಾವ ಪರದೆಯ ಹಿಂದಿನಿಂದ ಒಂದು ಪುಸ್ತಕ ತಂದು ಅವಳ ಕೈಗಿಟ್ಟ. ಕಡುನೀಲಿ ಬಟ್ಟೆಯ ರಟ್ಟು, ಮೂಲೆಗಳಿಗೆ ಚರ್ಮ, ಸೊಗಸಾಗಿ ದುಂಡಗಾದ ಬೆನ್ನು. ಒಳಗೆ ಏಳು ವರ್ಷದ ಚೀಟಿ, ರಿಪೋರ್ಟು, ಸ್ಕ್ಯಾನಿನ ವಿವರಗಳೆಲ್ಲ ಕ್ರಮವಾಗಿ ಕೂತಿದ್ದವು. ಪ್ಲಾಸ್ಟಿಕ್ ಚೀಲದಲ್ಲಿ ಮುದುಡಿ ಬಿದ್ದಿದ್ದ ಕಾಗದಗಳಿಗೆ ಇಂಥ ಯೋಗ ಬರುತ್ತದೆ ಎಂದು ಯಾರು ಕಂಡಿದ್ದರು.

"ಹೆಸರು ಹಾಕಿಲ್ಲ," ಎಂದ ಭಾವ. "ನಾರ್ಮಲ್, ಒಂದನೇ ಸಂಪುಟ ಅಂತ ಹಾಕೋಣ ಅಂದ್ಕೊಂಡೆ. ನೀನು ಬೈತೀಯ ಅಂತ ಬಿಟ್ಟೆ."

"ಎರಡನೇದೂ ಮಾಡೋ ಆಸೆ ಇದೆಯಾ?" ಎಂದು ಅಕ್ಕ ಗದರಿದಳು. ಆದರೆ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಕೂತಳು.

ಡಾಕ್ಟರಮ್ಮನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಕಿಟಕಿಯ ಆಚೆ ಸೈಕಲ್ ನಿಲ್ಲಿಸುವ ಜಾಗ. ಅವರು ಪುಸ್ತಕ ನೋಡಿ ಕನ್ನಡಕ ಮೇಲೇರಿಸಿದರು. ಬೆನ್ನು ಸವರಿದರು. "ಎಷ್ಟು ಚೆನ್ನಾಗಿದೆ!" ಎಂದರು. ಭಾವ ಕುರ್ಚಿಯಲ್ಲೇ ಎರಡು ಅಂಗುಲ ಎತ್ತರವಾದ. ಅವರು ಹಾಳೆ ತಿರುವಿದರು. ಮತ್ತೆ ತಿರುವಿದರು. ಹಿಂದಕ್ಕೆ ಬಂದರು. ಆಮೇಲೆ ಪುಸ್ತಕವನ್ನು ಸ್ವಲ್ಪ ಓರೆಯಾಗಿ ಹಿಡಿದು ನೋಡಿದರು.

"ತಾರೀಖು ಎಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಆಸ್ಪತ್ರೆಯ ಕಾಗದಗಳು ಒಂದೊಂದು ಒಂದೊಂದು ಅಳತೆ. ಅವನು ಬೈಂಡಿಂಗಿನವನು, ಕಾಗದ ಕಂಡರೆ ಮೊದಲು ನೋಡುವುದು ಅಳತೆ, ಓದುವುದು ಆಮೇಲೆ. ಚಿಕ್ಕದು ಮುಂದೆ, ದೊಡ್ಡದು ಹಿಂದೆ ಎಂದು ಜೋಡಿಸಿದ್ದ. ಜೋಡಿಸಿ ಮೂರು ಬದಿಯೂ ಸಮಕ್ಕೆ ಕತ್ತರಿಸಿದ್ದ. ಆಸ್ಪತ್ರೆಯವರೆಲ್ಲ ಮಾತಾಡಿಕೊಂಡವರ ಹಾಗೆ ತಾರೀಖನ್ನು ಬರೆದಿದ್ದುದು ಮೇಲಿನ ಬಲಮೂಲೆಯಲ್ಲಿ. ಏಳು ವರ್ಷದ ತಾರೀಖು ಮಷಿನ್ನಿನ ಬ್ಲೇಡಿಗೆ ಹೋಗಿತ್ತು.

"ಮೂರು ಬದಿ ಕತ್ತರಿಸದೆ ಪುಸ್ತಕ ಹೇಗಾಗುತ್ತೆ ಮೇಡಂ?" ಎಂದು ಭಾವ ಸಣ್ಣ ದನಿಯಲ್ಲಿ ಕೇಳಿದ.

"ಕತ್ತರಿಸಿದ ಚೂರು?"

"ಶನಿವಾರ ರದ್ದಿಯವನು ತಗೊಂಡು ಹೋದ."

ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂರು ತಿಂಗಳು ಕಾದು ಬಂದು, ಕೊನೆಯ ಡಾಕ್ಟರ ಮುಂದೆ, ಹೀಗೆ! ಡಾಕ್ಟರಮ್ಮ ಮಾತ್ರ ಜೋರಾಗಿ ನಕ್ಕುಬಿಟ್ಟರು. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಒಂದು ಬಿಳಿಹಾಳೆ ಎಳೆದುಕೊಂಡರು.

"ಹಾಗಾದ್ರೆ ನೀವೇ ಹೇಳ್ಬೇಕು. ಮೊದಲಿಂದ ಹೇಳಿ. ನಿಧಾನಕ್ಕೆ ಹೇಳಿ."

ಇದನ್ನು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಹಿಂದಿನವರ ಕಾಗದ ಓದಿ, ಅದರ ಕೆಳಗೆ ತಮ್ಮದೊಂದು ಸಾಲು ಬರೆದು ಕಳಿಸಿದವರೇ. ಅಕ್ಕನಿಗೆ ಎಲ್ಲಿಂದ ಶುರು ಮಾಡುವುದು ತಿಳಿಯಲಿಲ್ಲ. ತಾರೀಖು ಅವಳಿಗೂ ನೆನಪಿರಲಿಲ್ಲ, ನೆನಪಿದ್ದುದು ಕೆಲಸ. ಶಾಲೆಯ ಹಾಜರಿ ಪುಸ್ತಕ ನಾನೂರು ಹೊಲಿದ ವರ್ಷ ಭುಜ ಶುರುವಾಯಿತು ಎಂದಳು. ಲೈಬ್ರರಿಯ ಹಳೇ ನಿಘಂಟುಗಳು ಬಂದಾಗ ಸೊಂಟಕ್ಕಿಳಿಯಿತು ಎಂದಳು. ಹೊಟ್ಟೆಗೆ ಕೊಳವೆ ಇಳಿಸಿದ್ದು ವಕೀಲರ ಕೆಂಪು ರಟ್ಟಿನ ಪುಸ್ತಕಗಳ ಕಾಲದಲ್ಲಿ ಎಂದಳು. ಮಧ್ಯೆ ಮಧ್ಯೆ ಭಾವ, "ಅಲ್ಲ ಕಣೇ, ವಕೀಲರದು ಆದ್ಮೇಲೆ ನಿಘಂಟು" ಎಂದು ತಿದ್ದುತ್ತಿದ್ದ. ಡಾಕ್ಟರಮ್ಮ ಬರೆದುಕೊಳ್ಳುತ್ತಲೇ ಇದ್ದರು. ಹೊರಗೆ ಕಾದವರು ಎರಡು ಸಲ ಬಾಗಿಲು ತೆರೆದು ಇಣುಕಿದರು.

ಕೊನೆಗೆ ಅವರು ಕೇಳಿದರು. "ಇದರಿಂದ ನಿಮ್ಮ ಕೆಲಸಕ್ಕೆ ಏನಾದ್ರೂ ತೊಂದರೆ ಆಗಿದೆಯಾ?"

ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಆದರೆ ಇಪ್ಪತ್ತಾರು ವರ್ಷದ ಸೂಜಿಯ ಮೇಲೆ ಸುಳ್ಳು ಹೇಳುವುದು ಅಕ್ಕನ ಜಾಯಮಾನವಲ್ಲ. "ಇಲ್ಲ ಮೇಡಂ," ಎಂದಳು. "ನೋವು ಕೈಗೆ ಮಾತ್ರ ಬಂದಿಲ್ಲ. ನನ್ನ ಹೊಲಿಗೆ ಒಂದು ದಿನಾನೂ ಕೆಟ್ಟಿಲ್ಲ."

ಪೆನ್ನು ನಿಂತಿತು. ಅಕ್ಕ ಆ ಪೆನ್ನನ್ನೇ ನೋಡುತ್ತಿದ್ದಳು. ಮುಗಿಯಿತು, ಇನ್ನು ಮುಚ್ಚಳ ಹಾಕುತ್ತಾರೆ ಎಂದುಕೊಂಡಳು.

"ಕೆಟ್ಟಿದೆ ಮೇಡಂ," ಎಂದ ಭಾವ. ಅವನು ನೆಲ ನೋಡುತ್ತಿದ್ದ. "ಇವಳಿಗೆ ಗೊತ್ತಿಲ್ಲ."

"ಏನು ಹೇಳ್ತಿದೀರಿ ನೀವು?" ಎಂದಳು ಅಕ್ಕ.

"ನೋವು ಜಾಸ್ತಿ ಇದ್ದ ದಿನ ಇವಳ ದಾರ ಸಡಿಲ ಬೀಳುತ್ತೆ ಮೇಡಂ. ಹಾಗೇ ಅಂಟು ಹಾಕಿದ್ರೆ ಆರು ತಿಂಗಳಿಗೆ ಹಾಳೆ ಕಿತ್ತು ಬರುತ್ತೆ. ಮಧ್ಯಾಹ್ನ ಊಟ ಆದ್ಮೇಲೆ ಇವಳು ಒಂದು ಗಂಟೆ ಮಲಗ್ತಾಳೆ. ಆಗ ನಾನು ಬಿಚ್ಚಿ ಮತ್ತೆ ಹೊಲೀತೀನಿ."

"ಎಷ್ಟು ದಿನದಿಂದ?" ಎಂದರು ಡಾಕ್ಟರಮ್ಮ.

"ಏಳು ವರ್ಷದಿಂದ. ಮೊದಮೊದಲು ತಿಂಗಳಿಗೆ ಮೂರು ನಾಲ್ಕು ದಿನ. ಹೋದ ವರ್ಷದಿಂದ ಹತ್ತು ಹನ್ನೆರಡು. ಚಳಿ ಶುರುವಾದ್ರೆ ಇನ್ನೂ ಜಾಸ್ತಿ." ಒಮ್ಮೆ ಶುರುವಾದ ಮೇಲೆ ಅವನಿಗೆ ಧೈರ್ಯ ಬಂದಿತ್ತು. "ಭುಜದ ನೋವಾದ್ರೆ ಕಂತೆಯ ಬಲತುದಿ ಮಾತ್ರ ಸಡಿಲ ಇರುತ್ತೆ, ಅಲ್ಲಿವರೆಗೆ ಕೈ ಎಳೆಯೋಕಾಗಲ್ಲ. ಸೊಂಟ ಆದ್ರೆ ಉದ್ದಕ್ಕೂ ಸಡಿಲ. ಕೂರೋಕಾಗದೆ ಬೇಗಬೇಗ ಮುಗಿಸಿರ್ತಾಳೆ. ಇವಳು ಬಾಯಿಬಿಟ್ಟು ಹೇಳೋದು ಹತ್ತರಲ್ಲಿ ಒಂದು ಸಲ. ಉಳಿದಿದ್ದು ನನಗೆ ದಾರದಲ್ಲಿ ಗೊತ್ತಾಗುತ್ತೆ."

ಡಾಕ್ಟರಮ್ಮನ ಪೆನ್ನು ಇಷ್ಟು ಹೊತ್ತು ಓಡಿದ್ದಕ್ಕಿಂತ ಜೋರಾಗಿ ಓಡುತ್ತಿತ್ತು. ಅಕ್ಕ ಅದನ್ನು ನೋಡಲಿಲ್ಲ. ಅವಳ ಮುಖ ಕೆಂಪಾಗಿತ್ತು.

"ಏಳು ವರ್ಷ ನನ್ನ ಹೊಲಿಗೆ ಬಿಚ್ಚಿದ್ರಾ? ಊರೆಲ್ಲ ಜಂಬ ಕೊಚ್ಕೊಂಡು ಓಡಾಡಿದ್ನಲ್ರೀ! ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೇಳಿದ್ರೆ ನೀನು ಸೂಜಿ ಕೆಳಗಿಟ್ಟುಬಿಡ್ತಿದ್ದೆ," ಎಂದ ಭಾವ. "ನಿನಗೆ ಇದ್ದಿದ್ದೇ ಅದೊಂದು."

"ನೋಯ್ತಿದೆ ಅಂದಾಗೆಲ್ಲ ಎದ್ದು ಹೋಗ್ತಿದ್ರಿ. ನಾನು ಏನೇನೋ ತಿಳ್ಕೊಂಡಿದ್ದೆ."

"ಅಲ್ಲೇ ಕೂತಿದ್ರೆ ಎಲ್ಲಾ ಹೇಳಿಬಿಡ್ತಿದ್ದೆ ಕಣೇ. ಅದಕ್ಕೇ."

ಅಕ್ಕನಿಗೆ ಅವಮಾನ ಒಂದು ಕಡೆ, ಸಂತೋಷ ಒಂದು ಕಡೆ, ಎರಡೂ ಒಟ್ಟಿಗೆ ಬಂದವು. ತನ್ನನ್ನು ನಂಬಿದವರು ಒಬ್ಬರೂ ಇಲ್ಲ ಎಂದು ಏಳು ವರ್ಷ ಒಳಗೊಳಗೇ ಅತ್ತಿದ್ದಳು. ಅಷ್ಟೂ ವರ್ಷ ಪರದೆಯ ಈಚೆ ಒಬ್ಬ ಮನುಷ್ಯ ಅವಳ ನೋವನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ ಕೂತಿದ್ದ. ಸೆರಗಿನಿಂದ ಮೂಗು ಒರೆಸಿಕೊಂಡಳು.

ಡಾಕ್ಟರಮ್ಮ ಬರೆದು ಮುಗಿಸಿದರು. "ನೋಡಿ, ಇವತ್ತೇ ಇದಕ್ಕೊಂದು ಹೆಸರು ಇಡಲ್ಲ ನಾನು. ಒಂದು ಅನುಮಾನ ಇದೆ. ರಕ್ತದಲ್ಲಿ, ಫೋಟೋದಲ್ಲಿ ಕಾಣದ ನೋವುಗಳೂ ಇರ್ತವೆ, ಕೇಳಿಯೇ ಗೊತ್ತುಮಾಡ್ಕೋಬೇಕು. ಎರಡು ತಿಂಗಳು ಬರ್ತಾ ಇರಿ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ, ಕಡಿಮೆ ಮಾಡೋಕೆ ದಾರಿ ಇದೆ. ಆದ್ರೆ ನೋವು ಇರೋದು ನಿಜ. ಅದರಲ್ಲಿ ಅನುಮಾನ ಇಲ್ಲ." ಆಮೇಲೆ ಭಾವನ ಕಡೆ ತಿರುಗಿ, "ಸಡಿಲ ಬಿದ್ದ ದಿನಗಳನ್ನ ಇನ್ಮೇಲೆ ಬರೆದಿಡಿ. ದಯವಿಟ್ಟು ಕತ್ತರಿಸಬೇಡಿ," ಎಂದರು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಭಾವ ಎರಡು ಸಲ ಕೆಮ್ಮಿ ನೋಡಿದ, ಪ್ರಯೋಜನವಾಗಲಿಲ್ಲ. ಅಂಗಡಿಗೆ ಬಂದವಳೇ ಅವಳು ಅರ್ಧಕ್ಕೆ ಬಿಟ್ಟಿದ್ದ ಪುಸ್ತಕ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದಳು. ಕಂತೆ ಕಂತೆಯ ಬೆನ್ನನ್ನೂ ಉಗುರಿನಿಂದ ಬಿಡಿಸಿ ನೋಡಿದಳು. ಪ್ರತಿ ಸಾಲಿನ ಕೊನೆಯಲ್ಲಿ ಅವಳು ಹಾಕುತ್ತಿದ್ದ ಒಂದು ಗಂಟಿತ್ತು, ಎಡಕ್ಕೆ ತಿರುಗಿಸಿ ಎರಡು ಸಲ. ಅವಳ ತಾಯಿ ಕಲಿಸಿದ ಗಂಟು. ಎಲ್ಲ ಸಾಲಿನಲ್ಲೂ ಅದೇ ಇತ್ತು.

"ಇದರಲ್ಲಿ ನಿಮ್ಮದು ಯಾವುದು?"

ಭಾವ ಹತ್ತಿರ ಬಂದು ಬಗ್ಗಿ ನೋಡಿದ. "ನೆನ್ನೆ ಎರಡು ಕಂತೆ ಬಿಚ್ಚಿದ್ದೆ. ಯಾವುದು ಅಂತ ಈಗ ನನಗೂ ಗೊತ್ತಾಗ್ತಿಲ್ಲ."

ಮದುವೆಯಾದ ಹೊಸತರಲ್ಲಿ ಈ ಮನುಷ್ಯನಿಗೆ ಅಂಗಿಯ ಗುಂಡಿ ಹೊಲಿಯಲು ಬರುತ್ತಿರಲಿಲ್ಲ. ಅಕ್ಕ ಪುಸ್ತಕವನ್ನು ತನ್ನ ಹೊಲಿಗೆಯ ಮಣೆಯ ಮೇಲಿಟ್ಟಳು, ಕುರ್ಚಿ ಎಳೆದುಕೊಂಡು ಒರಗಿ ಕೂತಳು. ಬಸ್ಸಿನ ಕುಲುಕಾಟಕ್ಕೆ ಸೊಂಟ ಧಗಧಗ ಉರಿಯುತ್ತಿತ್ತು.

"ತುಂಬಾ ನೋಯ್ತಿದೆ ರೀ," ಎಂದಳು. "ಉಳಿದಿದ್ದು ನೀವೇ ಹೊಲೀರಿ. ಇಲ್ಲೇ, ನನ್ನ ಕಣ್ಣೆದುರಿಗೆ."

ಭಾವ ಈ ಸಲ ಮಷಿನ್ನಿನ ಹತ್ತಿರ ಹೋಗಲಿಲ್ಲ. ಅವಳ ಮಣೆಯ ಮುಂದೆ ಕೂತು, ದಾರಕ್ಕೆ ಮೇಣ ಎಳೆದು, ಸೂಜಿಗೆ ಪೋಣಿಸಲು ಹೋದ. ಒಮ್ಮೆ ತಪ್ಪಿತು, ಇನ್ನೊಮ್ಮೆ ತಪ್ಪಿತು. ಏಳು ವರ್ಷ ಕದ್ದು ಹೊಲಿದವನಿಗೆ ಯಾರಾದರೂ ನೋಡುತ್ತಿದ್ದರೆ ಹೊಲಿಯುವುದು ಹೇಗೆಂದು ತಿಳಿದಿರಲಿಲ್ಲ. ಮೂರನೇ ಹೊಲಿಗೆಗೇ ಸೂಜಿ ಬೆರಳಿಗೆ ಚುಚ್ಚಿ, "ಅಯ್ಯಯ್ಯೋ" ಎಂದು ಬೆರಳು ಬಾಯಿಗಿಟ್ಟುಕೊಂಡ.

"ಎಲ್ಲಿ, ತೋರಿಸಿ," ಎಂದು ಅಕ್ಕ ಅವನ ಕೈ ಹಿಡಿದು ತನ್ನ ಕಡೆ ಎಳೆದುಕೊಂಡಳು.